ಮಗ್ಗದ ಮನೆಗೊಂದು ಜಾಲತಾಣ

ಮೊಳಕಾಲ್ಮೂರು ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ಬಗೆಯಾಗಿ ಬರೆಯಬಹುದು? ಒಬ್ಬರು ‘ಳ’ಕಾರದ ಪಕ್ಕ ಒಂದು ‘ಎ’ ಇಡುತ್ತಾರೆ, ಇನ್ನೊಬ್ಬರು ಅದನ್ನು ನುಂಗುತ್ತಾರೆ. ಮತ್ತೊಬ್ಬರು ‘ಮೂ’ ಬರೆಯಲು ಎರಡು ‘ಓ’ ಬಳಸಿ ಕೊನೆಯ ‘ಯು’ವನ್ನೇ ಕೈಬಿಡುತ್ತಾರೆ. ಅದೇ ಸೀಮೆಯ ಬಿ.ಜಿ. ಕೆರೆಯದು ಇನ್ನೊಂದು ಪಾಡು. ಊರಿನ ಹೆಸರೇ ಎರಡು ಅಕ್ಷರಗಳೊಳಗೆ ಮಡಚಿಕೊಂಡು ಕೂತಿದೆ. ಕೆಲವರು ಚುಕ್ಕಿ ಇಡುತ್ತಾರೆ, ಕೆಲವರು ಬಿಡುತ್ತಾರೆ, ಕೆಲವರು ಮೂರನ್ನೂ ಕೂಡಿಸಿ ಒಂದೇ ಪದ ಮಾಡುತ್ತಾರೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತು ಮಗಳ ಮದುವೆಗೆ ಮೊಳಕಾಲ್ಮೂರು ಸೀರೆ ಹುಡುಕುವ ತಾಯಿ ಇವುಗಳಲ್ಲಿ ಯಾವುದನ್ನು ಫೋನಿನಲ್ಲಿ ಒತ್ತುತ್ತಾಳೆ ಎಂದು ಮೊದಲೇ ಹೇಳಲಾಗದು.

ಸಣ್ಣ ವ್ಯಾಪಾರಗಳಿಗೆ ಜಾಲತಾಣ ಕಟ್ಟುವ ಕೆಲಸವನ್ನು ಚೆನ್ನಾಗಿ ಬಲ್ಲವರು ಶುರುವಿಗೇ ಕಂಪ್ಯೂಟರ್ ತೆರೆಯುವುದಿಲ್ಲ. ಒಂದು ನೋಟ್‌ಬುಕ್ ತೆಗೆದು, ಜನ ಈ ಊರನ್ನೂ ಈ ಸರಕನ್ನೂ ಏನೇನೆಂದು ಕರೆಯುತ್ತಾರೋ ಅದನ್ನೆಲ್ಲ ಬರೆದುಕೊಳ್ಳುತ್ತಾರೆ. ಈ ಕಸುಬಿನ ಮೇಲೆ ನನಗೆ ಗೌರವ ಹುಟ್ಟಿದ್ದೇ ಈ ನೋಟ್‌ಬುಕ್ಕನ್ನು ನೋಡಿದ ಮೇಲೆ. ಅಲ್ಲಿಯವರೆಗೆ ನಾನೂ ಇದನ್ನು ಯಂತ್ರದ ವಿದ್ಯೆ ಎಂದುಕೊಂಡಿದ್ದೆ. ಇದು ಮೊದಲು ಕಿವಿಯ ವಿದ್ಯೆ.

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೆದ್ದಾರಿ ಹಿಡಿದರೆ, ಕಾದಂಬರಿಕಾರ ತ.ರಾ.ಸು. ಅವರ ತಳುಕು ದಾಟಿದ ಮೇಲೆ ಬಿ.ಜಿ. ಕೆರೆ ಬರುತ್ತದೆ. ಈ ಸೀಮೆಗೆ ಮಳೆ ಕಡಿಮೆ, ಕೈಕಸುಬು ಹೆಚ್ಚು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಶೇಂಗಾ ಅರೆದು ಊರಿಗೆ ತೈಲನಗರಿ ಎಂಬ ಹೆಸರು ತಂದವು. ಕುರಿಯ ಉಣ್ಣೆಯಿಂದ ಕಂಬಳಿ ನೇಯುವವರು ಇಲ್ಲಿದ್ದಾರೆ. ಮೊಳಕಾಲ್ಮೂರಿನ ಕುಣಿಮಗ್ಗಗಳಲ್ಲಿ ರೇಷ್ಮೆ ಸೀರೆ ಹುಟ್ಟುತ್ತದೆ. ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಇಲ್ಲಿ ತಯಾರಾದದ್ದನ್ನು ಕೊಳ್ಳುವವರು ಬಹುಪಾಲು ದೂರದವರು. ನೇಯ್ದವರಿಗೂ ಉಟ್ಟವರಿಗೂ ನಡುವೆ ಎಷ್ಟೋ ಕೈಗಳು. ಜಾಲತಾಣ ಆ ಕೈಗಳನ್ನೆಲ್ಲ ತೆಗೆದುಹಾಕುತ್ತದೆ ಎಂದು ನಾನು ಹೇಳಲಾರೆ. ಆದರೆ ನೇಯ್ದವರ ಮನೆಯ ಬಾಗಿಲು ಎಲ್ಲಿದೆ ಎಂದು ಉಡುವವರಿಗೆ ಅದು ತೋರಿಸಬಲ್ಲದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನಾಲ್ಕು ಮಗ್ಗದ ಒಂದು ಮನೆ. ಗಂಡ ಹೆಂಡತಿ ಇಬ್ಬರೂ ನೇಯುತ್ತಾರೆ, ಮಗಳು ಚಳ್ಳಕೆರೆಯ ಕಾಲೇಜಿಗೆ ಹೋಗುತ್ತಾಳೆ. ಜಾಲತಾಣ ಕಟ್ಟುವ ಹುಡುಗ ಜಗಲಿಯ ಮೇಲೆ ಕೂತಿದ್ದಾನೆ.

“ಅಕ್ಕಾ, ಫೋನ್ ಮಾಡಿದವರು ಮೊದಲು ಏನು ಕೇಳ್ತಾರೆ?”

“ರೇಟು ಕೇಳ್ತಾರಪ್ಪ. ಆಮೇಲೆ ಇದು ಕೈಮಗ್ಗದ್ದೇನಾ, ಪವರ್‌ಲೂಮಿಂದಾ ಅಂತಾರೆ.”

“ಆಮೇಲೆ?”

“ಬಣ್ಣ ಹೋಗುತ್ತಾ ಅಂತಾರೆ. ಬ್ಲೌಸ್ ಪೀಸ್ ಐತಾ ಅಂತಾರೆ. ನಿಮ್ಮೂರಿಗೆ ಬರೋದು ಹೆಂಗೆ ಅಂತಾರೆ.”

ಆ ಹುಡುಗ ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ಜಾಲತಾಣದ ಪುಟಗಳ ಪಟ್ಟಿ ಅಲ್ಲಿಗೆ ಮುಗಿಯಿತು. ಅಕ್ಕ ಹೇಳಿದ ಒಂದೊಂದು ಪ್ರಶ್ನೆಗೂ ಒಂದೊಂದು ಉತ್ತರ ಬೇಕು, ಅವಳು ಹೇಳಿದ ಕ್ರಮದಲ್ಲೇ ಬೇಕು. ರೇಟು ಮೊದಲ ಪ್ರಶ್ನೆಯಾದರೆ ರೇಟನ್ನು ಮೂರನೇ ಪುಟದಲ್ಲಿ ಬಚ್ಚಿಡಬಾರದು. ಕೈಮಗ್ಗವೇ ಎಂಬುದು ಎರಡನೆಯದಾದರೆ, ಸೀರೆಯ ಮುಂಬದಿಯ ಚಿತ್ರದ ಪಕ್ಕದಲ್ಲೇ ಹಿಂಬದಿಯ ಚಿತ್ರ ಇರಬೇಕು. ಅಂಚು, ಸೆರಗು, ಬುಟ್ಟಾಗಳ ಒಳಮೈ ನೋಡಿ ನೇಯ್ಗೆಯನ್ನು ಅಳೆಯಬಲ್ಲ ಹೆಂಗಸರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ನಗರದ ಕಂಪನಿಗಳ ತಾಣಗಳನ್ನು ನೋಡಿ ‘ನಮ್ಮ ಧ್ಯೇಯ’, ‘ನಮ್ಮ ದೂರದೃಷ್ಟಿ’ ಎಂಬ ಪುಟಗಳನ್ನು ಇಲ್ಲಿಗೂ ತಂದು ಅಂಟಿಸುವವರು ಅಕ್ಕನ ಮಾತನ್ನು ಕೇಳಿಸಿಕೊಂಡಿಲ್ಲ ಎಂದೇ ಅರ್ಥ.

ಇನ್ನು ಹೆಸರು ಮತ್ತು ಜಾಗ. ಜಾಲತಾಣಕ್ಕೆ ಇವೆರಡೂ ಬೇರೆ ಬೇರೆ, ಹೊಸಬರಿಗೆ ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವುದು ಇಲ್ಲೇ. ಪುಟಗಳೂ ಚಿತ್ರಗಳೂ ಯಾವುದೋ ಊರಿನ ಒಂದು ಕಂಪ್ಯೂಟರಿನಲ್ಲಿ ಹಗಲೂ ರಾತ್ರಿ ಕೂತಿರುತ್ತವೆ. ಅದು ಬಾಡಿಗೆ ಜಾಗ, ಅದನ್ನೇ ಹೋಸ್ಟಿಂಗ್ ಎನ್ನುತ್ತಾರೆ. ಆ ಕಂಪ್ಯೂಟರಿನ ನಿಜವಾದ ವಿಳಾಸ ಬರೀ ಅಂಕಿಗಳು. ಅಂಕಿ ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ಒಂದು ಹೆಸರು ಕೊಳ್ಳುತ್ತೇವೆ. ಅದು ಡೊಮೇನ್. ಯಾರಾದರೂ ಆ ಹೆಸರು ಒತ್ತಿದಾಗ ಅದನ್ನು ಅಂಕಿಗೆ ತಿರುಗಿಸಿ ದಾರಿ ತೋರಿಸುವ ದೊಡ್ಡ ವಹಿಯೊಂದು ಜಗತ್ತಿನಾದ್ಯಂತ ಹರಡಿಕೊಂಡಿದೆ. ನಮ್ಮ ದೇಶದ ‘.ಇನ್’ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ನಿಕ್ಸಿ. 2005ರಲ್ಲಿ ಈ ಹೆಸರುಗಳು ಎಲ್ಲರಿಗೂ ಸುಲಭವಾಗಿ ಸಿಗುವಂತಾದವು. ಈಗ ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ಹೆಸರನ್ನೂ ಕೊಳ್ಳಬಹುದು. ಮಗ್ಗದ ಮನೆಗೆ ನನ್ನ ಸಲಹೆ ಎರಡನ್ನೂ ತೆಗೆದುಕೊಳ್ಳಿ ಎಂದು. ಕನ್ನಡದ್ದು ಬೋರ್ಡಿನ ಮೇಲೆ ಬೆಳಗುತ್ತದೆ, ಇಂಗ್ಲಿಷಿನದ್ದು ಫೋನಿನಲ್ಲಿ ಹೇಳಿ ಬರೆಸಲು ಸುಲಭ.

ಹೆಸರಿನ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಅದನ್ನು ನಾನು ಪೆಟ್ಟು ತಿಂದು ಕಲಿತೆ. ನಮ್ಮ ಸಂಬಂಧಿಕರೊಬ್ಬರ ಗಾಣದ ಎಣ್ಣೆ ಅಂಗಡಿಗೆ ಜಾಲತಾಣ ಮಾಡಿಸಿದಾಗ ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ನಾನು ಕೇಳಲಿಲ್ಲ. ಕಟ್ಟಿಕೊಟ್ಟವರು ತಮ್ಮದೇ ಇಮೇಲ್ ಹಾಕಿ ಕೊಂಡಿದ್ದರು. ಎರಡು ವರ್ಷ ಎಲ್ಲ ಸರಿಯಾಗಿತ್ತು. ಮೂರನೇ ವರ್ಷ ಅವರು ಊರು ಬಿಟ್ಟರು, ನಂಬರೂ ಬದಲಾಯಿತು. ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬಿದ್ದವು. ಅವಧಿ ಮುಗಿದ ಮೇಲೆ ಕೆಲವು ದಿನ ರಿಯಾಯಿತಿ ಇರುತ್ತದೆ. ಅದೂ ದಾಟಿತು, ಹೆಸರನ್ನು ಯಾರೋ ಕೊಂಡುಕೊಂಡರು. ಎಣ್ಣೆಯ ಡಬ್ಬಿಗಳ ಮೇಲೆ ಅಚ್ಚಾಗಿದ್ದ ವಿಳಾಸ ಬೇರೆಯವರದಾಯಿತು. ಹೊಲ ಕೊಂಡ ರೈತ ಪಹಣಿಯಲ್ಲಿ ತನ್ನ ಹೆಸರು ಕೂತಿದೆಯೇ ಎಂದು ಮೊದಲು ನೋಡುತ್ತಾನೆ. ಡೊಮೇನ್ ಕೊಂಡ ದಿನವೂ ಅಷ್ಟೇ. ಖಾತೆ ಮನೆಯವರ ಹೆಸರಿನಲ್ಲಿ, ಮನೆಯವರ ಇಮೇಲ್‌ನಲ್ಲಿ, ಮನೆಯವರ ಫೋನ್ ನಂಬರಿನಲ್ಲಿ ಇರಬೇಕು. ಕಟ್ಟಿಕೊಡುವವರು ಎಷ್ಟೇ ಒಳ್ಳೆಯವರಾದರೂ ಸರಿ. ನಿಜಕ್ಕೂ ಒಳ್ಳೆಯವರು ತಾವೇ ಮುಂದಾಗಿ ಹೀಗೆ ಮಾಡಿಸುತ್ತಾರೆ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಈ ಕಸುಬಿನ ಅತಿ ಸೂಕ್ಷ್ಮ ಭಾಗ ಇದೇ ಎಂದು ನನ್ನ ನಂಬಿಕೆ.

ಊರಿನ ಡಿಟಿಪಿ ಅಂಗಡಿಯಲ್ಲಿ ಕರಪತ್ರವೋ ಬಿಲ್ ಪುಸ್ತಕವೋ ಮಾಡಿಸಿದ್ದರೆ ಅದರ ಬರಹ ಬಹುಮಟ್ಟಿಗೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತದೆ. ಆ ಫಾಂಟುಗಳು ಮಾಡುತ್ತಿದ್ದ ಕೆಲಸ ಜಾಣತನದ್ದು. ಕಂಪ್ಯೂಟರಿಗೆ ಕನ್ನಡವೇ ಗೊತ್ತಿಲ್ಲದ ಕಾಲದಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ಫಾಂಟ್ ಇದ್ದ ಕಡೆ ಕನ್ನಡ ಕಂಡಿತು. ಅದೇ ಬರಹವನ್ನು ಜಾಲತಾಣಕ್ಕೆ ಅಂಟಿಸಿ ನೋಡಿ. ‘ಕನ್ನಡ’ ಎಂಬ ಪದವೇ ಒಂದು ‘ಪಿ’, ತಲೆಯ ಮೇಲೆ ಗೀರು ಹೊತ್ತ ಒಂದು ‘ಎ’, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ ಎಂದು ಶುರುವಾಗುತ್ತದೆ. ಓದುವವರಿಗೂ ಅರ್ಥವಾಗದು, ಹುಡುಕುವ ಯಂತ್ರಕ್ಕೂ ಅರ್ಥವಾಗದು.

ಯೂನಿಕೋಡ್ ಇದನ್ನು ಬುಡದಿಂದ ಸರಿಪಡಿಸಿತು. 1991ರ ಆಗಸ್ಟ್‌ನಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ಜಗತ್ತಿನ ಮೊದಲ ಜಾಲತಾಣ ಸರ್ನ್ ಪ್ರಯೋಗಾಲಯದಿಂದ ಹೊರಜಗತ್ತಿಗೆ ತೆರೆದುಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆಗಳು ಸಿಕ್ಕಿದ್ದವು. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ. ‘ಚಳ್ಳಕೆರೆ’ ಎಂಬ ಪದ ಕಣ್ಣಿಗೆ ನಾಲ್ಕೇ ಅಕ್ಷರ. ಒಳಗೆ ಅದು ಎಂಟು ಸಂಖ್ಯೆಗಳ ಸಾಲು: ಚ, ಳ, ವಿರಾಮ, ಮತ್ತೆ ಳ, ಕ, ಎಕಾರದ ಗುರುತು, ರ, ಮತ್ತೆ ಎಕಾರದ ಗುರುತು. ನಡುವಿನ ವಿರಾಮವನ್ನು ಕಂಡ ಕೂಡಲೆ ಎರಡನೇ ‘ಳ’ ಮೊದಲನೆಯದರ ಕೆಳಗೆ ಒತ್ತಾಗಿ ಸರಿದುಕೊಳ್ಳುತ್ತದೆ. ನಾವು ಶಾಲೆಯಲ್ಲಿ ಕಲಿತ ಕಾಗುಣಿತ, ಒತ್ತಕ್ಷರಗಳ ನಿಯಮವೇ ಯಂತ್ರದ ಒಳಗೂ ಕೆಲಸ ಮಾಡುವುದನ್ನು ನೋಡಿದಾಗ ನನಗೆ ಈಗಲೂ ಮೈ ನವಿರೇಳುತ್ತದೆ.

ಹಾಗಾಗಿ ಹಳೆಯ ಕರಪತ್ರದ ಬರಹವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಿರುಗಿಸಬೇಕು. ತಿರುಗಿಸಿದ ಮೇಲೆ ಕೂತು ಓದಬೇಕು, ಏಕೆಂದರೆ ಅರ್ಕಾವತ್ತು ಇರುವ ಕಡೆ, ಒತ್ತಿನ ಮೇಲೆ ಒತ್ತು ಬಂದ ಕಡೆ ಪರಿವರ್ತಕ ಆಗಾಗ ಎಡವುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಬೇಗ ಬೀಳದು. ಇಂಗ್ಲಿಷಿಗೆಂದು ಮಾಡಿದ ಸಿದ್ಧ ವಿನ್ಯಾಸಗಳಲ್ಲಿ ಸಾಲಿಗೂ ಸಾಲಿಗೂ ನಡುವಿನ ಜಾಗ ಕಡಿಮೆ. ಕನ್ನಡ ಹಾಗೆ ನಿಲ್ಲುವುದಿಲ್ಲ. ಒತ್ತುಗಳು ಕೆಳಗೆ ಇಳಿಯುತ್ತವೆ, ಗುಡಿಸುಗಳು ಮೇಲೆ ಏರುತ್ತವೆ. ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ದಪ್ಪಕ್ಷರದ ತಲೆಬರಹದಲ್ಲಂತೂ ‘ಚಳ್ಳಕೆರೆ’ಯ ಒತ್ತು ಅರ್ಧ ಕತ್ತರಿಸಿಹೋಗುತ್ತದೆ. ಬಲ್ಲವರು ಆ ಒಂದು ಅಳತೆಯನ್ನು ಹಿಗ್ಗಿಸುತ್ತಾರೆ, ಅಷ್ಟರಿಂದಲೇ ಪುಟ ಉಸಿರಾಡತೊಡಗುತ್ತದೆ. ಅಂಚಿಗೂ ಒಡಲಿಗೂ ಹೊಂದಿಕೆ ನೋಡುವ ನೇಕಾರರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಹಿಗ್ಗಿಸುವ ಮೊದಲಿನ ಪುಟವನ್ನೂ ಆಮೇಲಿನ ಪುಟವನ್ನೂ ಪಕ್ಕಪಕ್ಕ ತೋರಿಸಿದರೆ ಸಾಕು.

ಕಟ್ಟುವ ಸಲಕರಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಟದ ಮೂಳೆ ಎಚ್‌ಟಿಎಂಎಲ್, ಉಡುಗೆ ಸಿಎಸ್‌ಎಸ್. ಇವೆರಡನ್ನೂ ಒಂದು ತಿಂಗಳು ಕೂತು ಕಲಿತವರಿಗೆ ಜೀವನಪೂರ್ತಿ ಧೈರ್ಯ ಇರುತ್ತದೆ. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಉಚಿತ, ಅದಕ್ಕೆ ಕನ್ನಡದ ಮುಖವೂ ಇದೆ. ಜಗತ್ತಿನ ಜಾಲತಾಣಗಳಲ್ಲಿ ಹತ್ತಿರಹತ್ತಿರ ಐದರಲ್ಲಿ ಎರಡು ಅದರ ಮೇಲೆ ನಿಂತಿವೆ. ಯಾವುದನ್ನು ಆರಿಸಿದರೂ ನಡೆಯುತ್ತದೆ. ನಾಲ್ಕು ಮಗ್ಗದ ಮನೆಗೆ ಐದು ಪುಟ ಧಾರಾಳ.

ಚಿತ್ರಗಳ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ರೇಷ್ಮೆಯ ಚಿತ್ರ ತೆಗೆಯುವುದು ಕಷ್ಟ. ಅದು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಅದರಲ್ಲೂ ಹಾಸು ಎಳೆಗೆ ಒಂದು ಬಣ್ಣ, ಹೊಕ್ಕು ಎಳೆಗೆ ಇನ್ನೊಂದು ಬಣ್ಣ ಹಾಕಿದ ಸೀರೆ ಒಂದೊಂದು ಕೋನಕ್ಕೆ ಒಂದೊಂದು ಬಣ್ಣ ತೋರುತ್ತದೆ. ಫ್ಲ್ಯಾಶ್ ಹಾಕಿದರೆ ಜರಿ ಬಿಳಿಯ ಕಲೆಯಾಗಿ ಉಳಿಯುತ್ತದೆ. ಬೆಳಗಿನ ಹೊತ್ತು, ಬಿಸಿಲು ನೇರ ಬೀಳದ ಜಗಲಿಯಲ್ಲಿ, ಬಿಳಿ ಪಂಚೆಯ ಮೇಲೆ ಹರವಿ ತೆಗೆದ ಚಿತ್ರಕ್ಕೆ ಸಮನಾದದ್ದು ಸ್ಟುಡಿಯೋದಲ್ಲೂ ಸಿಗುವುದು ಕಷ್ಟ. ಒಂದೇ ಸೀರೆಯನ್ನು ಎರಡು ಕೋನದಿಂದ ತೆಗೆಯಬೇಕು, ಬಣ್ಣ ಹೇಗೆ ಹೊರಳುತ್ತದೆ ಎಂದು ಒಂದು ಸಾಲು ಬರೆಯಬೇಕು. ‘ನೆರಳಲ್ಲಿ ನೇರಳೆ, ಬಿಸಿಲಲ್ಲಿ ಕೆಂಪು ಮಿನುಗು’ ಎಂದು ಬರೆದಿದ್ದರೆ, ಸೀರೆ ಮನೆ ತಲುಪಿದ ಮೇಲೆ ಬಣ್ಣ ಬೇರೆ ಎಂಬ ತಕರಾರು ಬರುವುದು ಕಡಿಮೆ.

ಫೋನಿನಲ್ಲಿ ತೆಗೆದ ಚಿತ್ರ ನಾಲ್ಕೈದು ಎಂಬಿ ತೂಗುತ್ತದೆ. ಹತ್ತು ಸೀರೆ ಇಟ್ಟರೆ ಪುಟ ನಲವತ್ತು ಎಂಬಿ ದಾಟಿತು. ಹಿರಿಯೂರು ದಾಟುತ್ತಿರುವ ಬಸ್ಸಿನಲ್ಲಿ ಕೂತ ಗಿರಾಕಿಯ ಫೋನಿನಲ್ಲಿ ಅದು ತೆರೆಯುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಅದೇ ಚಿತ್ರದ ಅಗಲ ಇಳಿಸಿ, ವೆಬ್‌ಪಿ ಎಂಬ ಬಗೆಯಲ್ಲಿ ಉಳಿಸಿದರೆ ನೂರೈವತ್ತು ಕೆಬಿಯ ಆಸುಪಾಸಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಚಿತ್ರದ ಹಿಂದೆ ಒಂದು ವಿವರಣೆಯನ್ನೂ ಬರೆದಿಡಬೇಕು: ‘ಹಸಿರು ಒಡಲು, ಮರೂನ್ ಅಂಚು, ನವಿಲು ಬುಟ್ಟಾ, ಮೊಳಕಾಲ್ಮೂರು ಕೈಮಗ್ಗದ ರೇಷ್ಮೆ ಸೀರೆ’. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುತ್ತದೆ. ಹುಡುಕುವ ಯಂತ್ರವೂ ಅದನ್ನೇ ಓದುತ್ತದೆ.

ನಂಬಿಕೆ ಹುಟ್ಟಿಸುವ ಗುರುತುಗಳು ಮುಂದಿನ ಮಾತು. ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇವೆ. ಪಡೆದಿದ್ದರೆ ಹೆಮ್ಮೆಯಿಂದ ತೋರಿಸಬೇಕು, ಪಡೆಯದಿದ್ದರೆ ಆ ಚಿಹ್ನೆ ಎಲ್ಲಿಂದಲೋ ತಂದು ಹಾಕಬಾರದು. ಎಣ್ಣೆ ಮಾರುವವರು ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಪುಟದಲ್ಲಿ ಹಾಕಲಿ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನ್ ಮಾರುವವರು ತಮ್ಮ ಹೆಸರು, ವಿಳಾಸ, ಸರಕು ಹಿಂದಿರುಗಿಸುವ ಕ್ರಮ, ದೂರು ಹೇಳಿಕೊಳ್ಳುವ ದಾರಿ ಎಲ್ಲವನ್ನೂ ಸ್ಪಷ್ಟವಾಗಿ ತಿಳಿಸಬೇಕು. ನಿಯಮ ಇರಲಿ ಬಿಡಲಿ, ಕಾಣದ ಅಂಗಡಿಗೆ ದುಡ್ಡು ಕಳಿಸುವವರಿಗೆ ಇಷ್ಟು ತಿಳಿಯುವ ಹಕ್ಕಿದೆ.

ಮಾಡಿದವರ ಹೆಸರು ಹಾಕುವ ಮಾತು ಬಂದಾಗಲೆಲ್ಲ ನನಗೆ ಬ್ರಹ್ಮಗಿರಿ ನೆನಪಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಮಾಡಿದರು. ಒಂದೇ ಸಂದೇಶ, ಹತ್ತಿರಹತ್ತಿರದ ಮೂರು ಬಂಡೆಗಳ ಮೇಲೆ. ಇಸಿಲ ಎಂಬ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿ ಮಾತು ಶುರುವಾಗುತ್ತದೆ. ಕೊನೆಯಲ್ಲಿ ಬರೆದವನು ಚಪಡ ಎಂದು ತನ್ನ ಹೆಸರಿಟ್ಟಿದ್ದಾನೆ, ‘ಲಿಪಿಕಾರ’ ಎಂಬ ಪದವನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಮಾತಿನ ಅಡಿಯಲ್ಲೂ ಕೆಲಸ ಮಾಡಿದ ಕೈಯ ಹೆಸರು ಉಳಿಯಿತು. ಹಾಗಾದರೆ ಸೀರೆಯ ಪುಟದಲ್ಲಿ ನೇಯ್ದವರ ಹೆಸರು ಯಾಕಿರಬಾರದು? ಅವರು ಒಪ್ಪಿದರೆ ಅದು ಬೆಲೆಯ ಪಕ್ಕದಲ್ಲೇ ಇರಲಿ.

ಇಷ್ಟೆಲ್ಲ ಆದ ಮೇಲೆ ಜಾಲತಾಣ ತೆರೆಯಿತು ಎನ್ನಿ. ಅರ್ಧ ಕೆಲಸ ಮುಗಿಯಿತು. ಕೆರೆಯ ಹೆಸರು ಹೊತ್ತ ಊರುಗಳ ಸೀಮೆಯಲ್ಲಿ ಉಳಿದರ್ಧವನ್ನು ವಿವರಿಸುವುದು ಸುಲಭ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಕೆರೆಯನ್ನು ಉಳಿಸಿದವನು ನೀರುಗಂಟಿ. ಏರಿಯ ಮೇಲೆ ನಡೆದು ಇಲಿಯ ಬಿಲ, ಏಡಿಯ ಬಿಲ ನೋಡುವುದು, ತೂಬು ಎತ್ತುವುದು, ಇಳಿಸುವುದು, ಕೋಡಿಯ ಬಾಯಲ್ಲಿ ಕಸ ಕಟ್ಟದಂತೆ ಕಾಯುವುದು ಅವನ ದಿನಚರಿ. ಜಾಲತಾಣಕ್ಕೂ ಅಂಥ ಒಬ್ಬರು ಬೇಕು. ನಮ್ಮ ಉದಾಹರಣೆಯ ಮನೆಯಲ್ಲಿ ಅದು ಮಗಳು.

ಅವಳು ಕಲಿಯಬೇಕಾದದ್ದು ಬೆಟ್ಟದಷ್ಟಿಲ್ಲ. ವರ್ಡ್‌ಪ್ರೆಸ್ಸೂ ಅದಕ್ಕೆ ಜೋಡಿಸಿದ ಪ್ಲಗಿನ್‌ಗಳೂ ಅಪ್‌ಡೇಟ್ ಕೇಳಿದಾಗ ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್. ಕಳ್ಳರು ಹೆಚ್ಚಾಗಿ ನುಗ್ಗುವುದು ಹಳೆಯದಾದ ಪ್ಲಗಿನ್ನಿನ ಬಿರುಕಿನಿಂದ. ಬ್ಯಾಕಪ್ಪಿನ ಒಂದು ಪ್ರತಿ ಅದೇ ಹೋಸ್ಟಿಂಗಿನ ಹೊರಗೆ, ಮನೆಯ ಪೆನ್‌ಡ್ರೈವಿನಲ್ಲೋ ಇನ್ನೆಲ್ಲೋ ಇರಬೇಕು. ಕೆಲವು ಬ್ರೌಸರುಗಳಲ್ಲಿ ವಿಳಾಸದ ಮುಂದೆ ಕಾಣುವ ಬೀಗದ ಗುರುತಿಗೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಅದು ಕೆಲವೇ ತಿಂಗಳ ಆಯುಷ್ಯದ್ದು, ತಾನಾಗಿ ನವೀಕರಣ ಆಗುತ್ತಿದೆಯೇ ಎಂದು ಆಗಾಗ ನೋಡಬೇಕು. ಡೊಮೇನ್ ಮುಗಿಯುವ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಇರಲಿ. ಗೂಗಲ್ ನಕ್ಷೆಯಲ್ಲಿ ಮನೆಯ ಗುರುತು ಸರಿಯಾದ ಬೀದಿಯಲ್ಲಿದೆಯೇ, ಜಾತ್ರೆಯ ದಿನ ರಜೆ ಎಂದು ಹಾಕಿದೆಯೇ ಎಂಬುದೂ ಅವಳದೇ ಲೆಕ್ಕ.

ಒಳ್ಳೆಯ ಕಸುಬುದಾರ ಯಾರು ಎಂದು ಗೊತ್ತಾಗುವುದು ಈ ಹಂತದಲ್ಲಿ. ಅವನು ಎಲ್ಲ ಬೀಗದ ಕೈಗಳನ್ನೂ ಕೊಟ್ಟು ಹೋಗುತ್ತಾನೆ. ಅಷ್ಟೇ ಅಲ್ಲ, ಹೋಗುವ ಮುಂಚೆ ಅವಳ ಕೈಯಿಂದಲೇ ಒಂದು ಪುಟವನ್ನು ಅಳಿಸಿಹಾಕಿಸುತ್ತಾನೆ.

“ಅಯ್ಯೋ, ಅಣ್ಣಾ, ಹೋಯ್ತಲ್ಲ!”

“ಹೋಗಲಿ ಬಿಡಮ್ಮ. ಈಗ ಬ್ಯಾಕಪ್ಪಿಂದ ನೀನೇ ವಾಪಸ್ ತಗೊಂಡು ಬಾ.”

ಅವಳು ತರುತ್ತಾಳೆ. ಹರಿದ ಎಳೆಯನ್ನು ಗಂಟು ಹಾಕಿ ಮತ್ತೆ ಅಚ್ಚಿನೊಳಗೆ ತೂರಿಸುವುದನ್ನು ಮೊದಲ ಸಲ ಕಲಿತ ಮಕ್ಕಳ ಮುಖದಲ್ಲಿ ಒಂದು ಕಳೆ ಬರುತ್ತದಲ್ಲ, ಅದೇ ಅವಳ ಮುಖದಲ್ಲೂ. ಇನ್ನು ಮೇಲೆ ಅವಳು ಗುಂಡಿಗಳನ್ನು ಒತ್ತಲು ಹೆದರುವುದಿಲ್ಲ.

ಕೆಲವು ವಾರ ಕಳೆದ ಮೇಲೆ ಅವನು ಅವಳಿಗೆ ಗೂಗಲ್ ಸರ್ಚ್ ಕನ್ಸೋಲ್ ತೋರಿಸಿಕೊಡುತ್ತಾನೆ. ಜನ ಏನೆಂದು ಹುಡುಕಿ ಈ ಮನೆಗೆ ಬಂದರು ಎಂಬ ಪಟ್ಟಿ ಅಲ್ಲಿರುತ್ತದೆ. ಎರಡು ‘ಓ’ಗಳ ಮೊಳಕಾಲ್ಮೂರು, ‘ಎ’ ನುಂಗಿದ ಮೊಳಕಾಲ್ಮೂರು, ಚುಕ್ಕಿಯಿಲ್ಲದ ಬಿಜಿಕೆರೆ, ಕನ್ನಡದಲ್ಲೇ ಒತ್ತಿದ ‘ರೇಷ್ಮೆ ಸೀರೆ ನೇಕಾರರು’. ನೋಟ್‌ಬುಕ್ಕಿನಲ್ಲಿ ಇಲ್ಲದ ಎರಡು ಹೊಸ ಕಾಗುಣಿತಗಳೂ ಕಾಣಬಹುದು. ಅವನ್ನು ಅವಳು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ, ಹೊಂದುವ ಕಡೆ ಪುಟದಲ್ಲೂ ಸೇರಿಸುತ್ತಾಳೆ.

ಸಂಜೆ ಒಂದು ಸೀರೆ ಮಾರಾಟವಾಗುತ್ತದೆ. ಹಸಿರು ಒಡಲು, ಮರೂನ್ ಅಂಚು. ಮಾರಿದ್ದನ್ನು ಪುಟದಲ್ಲಿ ಹಾಗೇ ಬಿಟ್ಟರೆ ನಾಳೆ ಇನ್ನೊಬ್ಬರು ಫೋನ್ ಮಾಡಿ ನಿರಾಶರಾಗುತ್ತಾರೆ. ಮಗಳು ಫೋನ್ ತೆಗೆದು ಪುಟದೊಳಗೆ ಹೋಗುತ್ತಾಳೆ, ಬೆಲೆ ಇದ್ದ ಸಾಲನ್ನು ಅಳಿಸುತ್ತಾಳೆ. ಏನು ಬರೆಯಲಿ ಎಂದು ಒಳಗೆ ಮಗ್ಗದ ಕುಣಿಯಲ್ಲಿ ಕೂತ ಅವ್ವನನ್ನು ಕೇಳುತ್ತಾಳೆ. ಅವ್ವ ಲಾಳಿ ನಿಲ್ಲಿಸದೆ ಹೇಳಿದ್ದನ್ನು ಹಾಗೆಯೇ ಬರೆಯುತ್ತಾಳೆ: ‘ಇದು ಹೋಗಿದೆ. ಇದೇ ಬಣ್ಣದ್ದು ಮಗ್ಗದ ಮೇಲಿದೆ.’